ಕಾರಿನ ಹೀಟರ್‌ನಿಂದ ಬಿಸಿಗಾಳಿ ಬರುತ್ತಿಲ್ಲವೇ? ಏಸಿ ಗ್ಯಾಸ್ ತುಂಬಿಸುವ ಮೊದಲು ಇದನ್ನು ಓದಿ

ಡಿಸೆಂಬರ್ ಬಂತೆಂದರೆ ನಮ್ಮ ಮೊಬೈಲಿಗೆ ಬರುವ ಫಾರ್ವರ್ಡ್‌ಗಳ ಬಣ್ಣವೂ ಬದಲಾಗುತ್ತದೆ. ಬೇಸಿಗೆಯಲ್ಲಿ ‘ಕಾರಿನಲ್ಲಿ ಕೂತ ತಕ್ಷಣ ಏಸಿ ಹಾಕಬೇಡಿ’ ಎಂದು ಹೆದರಿಸುತ್ತಿದ್ದ ಸಂದೇಶಗಳ ಜಾಗಕ್ಕೆ ಹೀಟರ್ ಬಗೆಗಿನ ಸಂದೇಶಗಳು ಬಂದು ಕೂರುತ್ತವೆ. ಹೀಟರ್ ಹಾಕಿದರೆ ಕಾರು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ ಎನ್ನುವುದು ಒಂದು. ಬಿಸಿಗಾಳಿ ಬರದಿದ್ದರೆ ಏಸಿ ಗ್ಯಾಸ್ ಖಾಲಿಯಾಗಿದೆ ಎಂದರ್ಥ, ತಕ್ಷಣ ತುಂಬಿಸಿ ಎನ್ನುವುದು ಇನ್ನೊಂದು. ದಾರಿಯಲ್ಲಿ ಎಂಜಿನ್ ವಿಪರೀತ ಕಾದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ತಣ್ಣಗಾಗುತ್ತದೆ ಎನ್ನುವುದು ಮತ್ತೊಂದು.

ಮೊದಲೆರಡು ತಪ್ಪು. ಕೇಳಿದರೆ ನಗು ಬರುವ ಮೂರನೆಯದು ನಿಜ. ಅದು ಹೇಗೆ ನಿಜ ಎಂದು ಗೊತ್ತಾದರೆ, ಹೀಟರ್ ಯಾಕೆ ಕೈಕೊಟ್ಟಿದೆ ಎಂಬುದನ್ನು ಅರ್ಧದಷ್ಟಾದರೂ ನೀವೇ ಕಂಡುಹಿಡಿಯಬಹುದು.

ಕಲಬುರಗಿ, ರಾಯಚೂರಿನವರು ‘ನಮಗ್ಯಾಕೆ ಹೀಟರ್, ಊರೇ ಹೀಟರ್’ ಎನ್ನಬಹುದು. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆ ಬೆಳಗಿನ ಜಾವ ಗಾಡಿ ಓಡಿಸುವವರಿಗೆ ಅದರ ಬೆಲೆ ಗೊತ್ತು. ಆದರೆ ನಾವು ಈ ಲೇಖನ ಬರೆಯುತ್ತಿರುವುದು ಚಳಿಯ ಕಾರಣಕ್ಕಷ್ಟೇ ಅಲ್ಲ. ಹೀಟರ್ ತಣ್ಣಗಾಗುವುದು ಎಷ್ಟೋ ಸಲ ಎಂಜಿನ್‌ಗೆ ಕಾಯಿಲೆ ಶುರುವಾಗಿರುವುದರ ಮೊದಲ ಸುಳಿವು. ಆ ಸುಳಿವನ್ನು ಕಡೆಗಣಿಸಿದರೆ ಬರುವ ಬಿಲ್ಲು ಸಾವಿರದ ಲೆಕ್ಕದಲ್ಲಿರುವುದಿಲ್ಲ.

ಕಾರಿನ ಕೋಡೊಲೆ

ಹಳೆಯ ಮನೆಗಳ ಮಣ್ಣಿನ ಒಲೆ ನೋಡಿದವರಿಗೆ ಕೋಡೊಲೆ ನೆನಪಿರಬಹುದು. ಅದಕ್ಕೆ ಬೇರೆ ಸೌದೆ ಹಾಕುವುದಿಲ್ಲ. ಮುಖ್ಯ ಒಲೆಯಲ್ಲಿ ಅನ್ನ ಬೇಯುವಾಗ ಪಕ್ಕಕ್ಕೆ ಹರಿದುಬರುವ ಕಾವಿನಲ್ಲೇ ಕೋಡೊಲೆಯ ಮೇಲಿಟ್ಟ ಸಾರು ಬಿಸಿಯಾಗಿರುತ್ತದೆ. ಕಾರಿನ ಹೀಟರ್ ಕೂಡ ಕೋಡೊಲೆಯೇ.

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಗಾಡಿಯನ್ನು ಓಡಿಸಲು ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ಸೈಲೆನ್ಸರ್ ಮೂಲಕ ಹೊಗೆಯ ಜೊತೆ ಹೊರಟುಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಭಾಗ ಎಂಜಿನ್‌ನ ಲೋಹವನ್ನು ಕಾಯಿಸುತ್ತದೆ. ಆ ಕಾವನ್ನು ಹೊತ್ತೊಯ್ಯಲು ಎಂಜಿನ್ ಸುತ್ತ ಕೂಲಂಟ್ ಹರಿಯುತ್ತಿರುತ್ತದೆ. ವಾಟರ್ ಪಂಪ್ ಅದನ್ನು ತಳ್ಳುತ್ತದೆ, ಮುಂದಿರುವ ರೇಡಿಯೇಟರ್ ಅದನ್ನು ತಣಿಸುತ್ತದೆ. ಬಿಸಿಯಾದ ಎಂಜಿನ್‌ನಲ್ಲಿ ಈ ಕೂಲಂಟ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ.

ಈ ಬಿಸಿ ಕೂಲಂಟ್‌ನ ಒಂದು ಕವಲು ಡ್ಯಾಶ್‌ಬೋರ್ಡ್‌ನ ಒಳಗೆ ಬರುತ್ತದೆ. ಅಲ್ಲಿ ಪುಸ್ತಕದ ಗಾತ್ರದ ಪುಟ್ಟ ರೇಡಿಯೇಟರ್ ಇದೆ, ಹೆಸರು ಹೀಟರ್ ಕೋರ್. ಬ್ಲೋವರ್ ಫ್ಯಾನ್ ಅದರ ಮೂಲಕ ಗಾಳಿ ಊದಿದಾಗ ನಮ್ಮ ಮುಖಕ್ಕೆ, ಕಾಲಿಗೆ ಬಿಸಿಗಾಳಿ ತಾಗುತ್ತದೆ. ನೀವು ಗುಂಡಿಯನ್ನು ನೀಲಿಯಿಂದ ಕೆಂಪಿಗೆ ತಿರುಗಿಸಿದಾಗ ಸಾಮಾನ್ಯವಾಗಿ ಒಳಗೆ ಒಂದು ಪ್ಲಾಸ್ಟಿಕ್ ಬಾಗಿಲು ತಿರುಗಿ ಗಾಳಿಯನ್ನು ಹೀಟರ್ ಕೋರ್ ಕಡೆ ಕಳಿಸುತ್ತದೆ. ಅಷ್ಟೇ.

ಈ ಕಥೆಯಲ್ಲಿ ಏಸಿ ಗ್ಯಾಸ್ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಮನೆಯ ಕೆಲವು ಏಸಿಗಳು ಅದೇ ಗ್ಯಾಸನ್ನು ಹಿಂದುಮುಂದಾಗಿ ಓಡಿಸಿ ಬಿಸಿಗಾಳಿ ಕೊಡುತ್ತವೆ, ಗೊಂದಲ ಹುಟ್ಟಿದ್ದು ಅಲ್ಲಿಂದಲೇ ಇರಬಹುದು. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹಾಗಿಲ್ಲ. ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೂ ಹೀಟರ್ ಕೆಲಸ ಮಾಡುತ್ತದೆ. ಹೇಗೂ ಹೊರಗೆ ಚೆಲ್ಲಿಹೋಗಬೇಕಿದ್ದ ಕಾವನ್ನು ಬಳಸುವುದರಿಂದ ಪೆಟ್ರೋಲ್ ಖರ್ಚೂ ಇಲ್ಲ. ಬ್ಲೋವರ್ ಫ್ಯಾನ್ ತಿರುಗಲು ಬೇಕಾಗುವ ಕರೆಂಟು ಲೆಕ್ಕಕ್ಕೆ ಬರುವಂಥದ್ದಲ್ಲ.

ಹೀಟರ್ ಬಗ್ಗೆ ಓಡಾಡುವ ಇನ್ನೊಂದು ಸಂದೇಶ: ‘ಕಾರ್ ಹೀಟರ್ ಕಂಡುಹಿಡಿದದ್ದು 1893ರಲ್ಲಿ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಮಹಿಳೆ.’ ಆ ವರ್ಷ ಆಕೆ ‘ಕಾರ್ ಹೀಟರ್’ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು ನಿಜ. ಆದರೆ ಆ ಕಾಲದ ಅಮೆರಿಕದಲ್ಲಿ ಕಾರ್ ಎಂದರೆ ರೈಲು ಬೋಗಿ. ಮೋಟಾರು ಗಾಡಿಗಳಿಗೆ ಆಗಿನ್ನೂ ಮುಚ್ಚಿದ ಮೈಯೇ ಇರಲಿಲ್ಲ, ಬಿಸಿ ಮಾಡುವುದು ಏನನ್ನು?

ತೆಗೆದು ಎಸೆದ ಥರ್ಮೋಸ್ಟ್ಯಾಟ್

ನಮ್ಮ ಬಳಗದ ಒಬ್ಬರು ಕೆಲವು ವರ್ಷಗಳ ಹಿಂದೆ ಹಳೆಯ ಕಾರೊಂದನ್ನು ಕೊಂಡರು. ಜನವರಿಯ ಒಂದು ಬೆಳಿಗ್ಗೆ ಮೂಡಿಗೆರೆ ಕಡೆ ಹೊರಟಾಗ ಮುಂದಿನ ಗಾಜಿಗೆ ಮಂಜು ಕಟ್ಟಿತು. ಹೀಟರ್ ಹಾಕಿದರು, ಉಗುರುಬೆಚ್ಚಗಿನ ಗಾಳಿ ಕೂಡ ಬರಲಿಲ್ಲ. ಮುಕ್ಕಾಲು ಗಂಟೆ ಓಡಿಸಿದರೂ ಟೆಂಪರೇಚರ್ ಮುಳ್ಳು ತಳ ಬಿಟ್ಟು ಮೇಲೇಳಲಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ, ತಿರುವಿನಲ್ಲಿ ಎದುರಿನಿಂದ ಬಂದ ಬಸ್ಸನ್ನು ಕೊನೆಯ ಗಳಿಗೆಯಲ್ಲಿ ಕಂಡು ಬದಿಗೆ ಸರಿದದ್ದನ್ನು ಅವರು ಈಗಲೂ ಹೇಳುತ್ತಾರೆ. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಥರ್ಮೋಸ್ಟ್ಯಾಟ್ ಇರಬೇಕಾದ ಜಾಗ ಖಾಲಿ ಇತ್ತು.

ಇದು ಅಪರೂಪವೇನಲ್ಲ. ಥರ್ಮೋಸ್ಟ್ಯಾಟ್ ಎನ್ನುವುದು ಮೇಣ ತುಂಬಿದ ಒಂದು ಪುಟ್ಟ ಕವಾಟ. ಎಂಜಿನ್ ತಣ್ಣಗಿರುವಾಗ ಅದು ರೇಡಿಯೇಟರ್ ದಾರಿಯನ್ನು ಮುಚ್ಚಿರುತ್ತದೆ, ಹಾಗಾಗಿ ಎಂಜಿನ್ ಬೇಗ ಬಿಸಿಯಾಗುತ್ತದೆ. ಕೂಲಂಟ್ 80ರಿಂದ 90 ಡಿಗ್ರಿಯ ನಡುವೆ, ಕಾರಿಗೆ ತಕ್ಕಂತೆ, ಒಂದು ಹಂತ ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ, ಕವಾಟ ತೆರೆಯುತ್ತದೆ. ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತಿದೆ ಎಂದು ಕಾರು ತಂದರೆ, ‘ನಮ್ಮ ಸೆಕೆಗೆ ಇದು ಬೇಡ ಸಾರ್, ಚಳಿ ದೇಶದವರಿಗೆ’ ಎಂದು ಈ ಕವಾಟವನ್ನೇ ಕಿತ್ತುಹಾಕುವ ಮೆಕ್ಯಾನಿಕ್‌ಗಳು ನಮ್ಮಲ್ಲಿ ಬಹಳ. ಕುದಿಯುವುದು ಆ ಕ್ಷಣಕ್ಕೆ ಕಡಿಮೆಯಾದಂತೆ ಕಾಣುತ್ತದೆ. ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಸೋರುವ ಮುಚ್ಚಳ ಹೀಗೆ ನಿಜವಾದ ಕಾರಣ ಏನಿತ್ತೋ ಅದು ಹಾಗೆಯೇ ಉಳಿಯುತ್ತದೆ.

ಕವಾಟವಿಲ್ಲದ ಎಂಜಿನ್ ಸದಾ ಅರೆಬಿಸಿಯಲ್ಲೇ ಓಡುತ್ತದೆ. ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಆಯಿಲ್‌ನಲ್ಲಿ ಸೇರಿದ ನೀರಿನ ಪಸೆ ಆವಿಯಾಗದೆ ಉಳಿದು ಎಂಜಿನ್ ಬೇಗ ಸವೆಯುತ್ತದೆ. ‘ಹೀಟರ್ ಹಾಕಿದರೆ ಮೈಲೇಜ್ ಬೀಳುತ್ತದೆ’ ಎನ್ನುವವರ ಕಾರಿನಲ್ಲಿ ಮೈಲೇಜ್ ನಿಜಕ್ಕೂ ಬಿದ್ದಿದ್ದರೆ ಮೊದಲು ಇದನ್ನು ನೋಡಿಸುವುದು ಒಳ್ಳೆಯದು. ಥರ್ಮೋಸ್ಟ್ಯಾಟ್ ದುಬಾರಿ ಸಾಮಾನೇನೂ ಅಲ್ಲ.

ಮುಳ್ಳು ಎಲ್ಲಿದೆ ನೋಡಿ

ಹೀಟರ್ ಕೆಟ್ಟಿದೆ ಎಂದಾಗ ನಾವು ಕೇಳುವ ಮೊದಲ ಪ್ರಶ್ನೆ: ಗಾಳಿಯೇ ಬರುತ್ತಿಲ್ಲವೋ, ಬರುವ ಗಾಳಿ ತಣ್ಣಗಿದೆಯೋ? ಇವೆರಡೂ ಬೇರೆ ಬೇರೆ ಕಾಯಿಲೆ. ಗಾಳಿಯೇ ಇಲ್ಲದಿದ್ದರೆ ಫ್ಯೂಸ್ ಅಥವಾ ಬ್ಲೋವರ್ ಮೋಟಾರ್ ಕಡೆ ನೋಡಬೇಕು. ಫ್ಯಾನ್ ಕೊನೆಯ ನಂಬರಿನಲ್ಲಿ ಮಾತ್ರ ತಿರುಗಿ ಉಳಿದವುಗಳಲ್ಲಿ ಸುಮ್ಮನಿದ್ದರೆ ಸಾಮಾನ್ಯವಾಗಿ ಬ್ಲೋವರ್ ರೆಸಿಸ್ಟರ್ ಸುಟ್ಟಿರುತ್ತದೆ. ಸದ್ದು ಜೋರಾಗಿದ್ದು ಗಾಳಿ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಧೂಳು, ಒಣಗಿದ ಎಲೆ ಇರುತ್ತವೆ, ಮರದಡಿ ನಿಲ್ಲಿಸುವ ಕಾರಿನಲ್ಲಿ ಇಲಿಯ ಗೂಡೂ ಇರಬಹುದು.

ಗಾಳಿ ಚೆನ್ನಾಗಿ ಬರುತ್ತಿದೆ, ಆದರೆ ಬಿಸಿಯಿಲ್ಲ ಎಂದಾದರೆ ಎರಡನೆಯ ಪ್ರಶ್ನೆ: ಟೆಂಪರೇಚರ್ ಮುಳ್ಳು ಎಲ್ಲಿದೆ? ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳಿನ ಬದಲು ದೀಪ ಇರುತ್ತದೆ. ತಣ್ಣಗಿದ್ದರೆ ನೀಲಿ, ವಿಪರೀತ ಕಾದರೆ ಕೆಂಪು. ಗಾಡಿ ಶುರುಮಾಡಿದ ಮೊದಲ ಕೆಲವು ನಿಮಿಷ ಬಿಸಿಗಾಳಿ ಬಾರದಿರುವುದು ಸಹಜ, ಒಲೆಯೇ ಇನ್ನೂ ಕಾದಿರುವುದಿಲ್ಲ. ಡೀಸೆಲ್ ಎಂಜಿನ್ ಇನ್ನೂ ನಿಧಾನ, ಏಕೆಂದರೆ ಅದು ಕಾವನ್ನು ಕಡಿಮೆ ಪೋಲು ಮಾಡುತ್ತದೆ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಆನ್ ಮಾಡಿಟ್ಟು ಕಾಯುವುದಕ್ಕಿಂತ ನಿಧಾನವಾಗಿ ಓಡಿಸಿದರೆ ಬೇಗ ಬಿಸಿಯಾಗುತ್ತದೆ. ಇಪ್ಪತ್ತು ನಿಮಿಷ ಓಡಿದ ಮೇಲೂ ಮುಳ್ಳು ತಳದಲ್ಲೇ ಇದ್ದರೆ, ನೀಲಿ ದೀಪ ಆರದಿದ್ದರೆ, ಅನುಮಾನ ಥರ್ಮೋಸ್ಟ್ಯಾಟ್ ಮೇಲೆ. ಅದು ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ ಅಥವಾ ಮೂಡಿಗೆರೆ ದಾರಿಯ ಆ ಕಾರಿನಂತೆ ಇಲ್ಲವೇ ಇಲ್ಲ.

ಮುಳ್ಳು ಸರಿಯಾಗಿ ನಡುವಿನಲ್ಲಿದ್ದೂ ಗಾಳಿ ತಣ್ಣಗಿದ್ದರೆ ಸ್ವಲ್ಪ ಪತ್ತೇದಾರಿ ಕೆಲಸ ಬೇಕು. ಬಾನೆಟ್ ಎತ್ತಿದರೆ ಎಂಜಿನ್ ಹಿಂಭಾಗದಿಂದ ಕಾರಿನೊಳಗೆ ಹೋಗುವ ಎರಡು ರಬ್ಬರ್ ಪೈಪುಗಳು ಕಾಣುತ್ತವೆ. ಹೀಟರ್ ಕೋರ್‌ಗೆ ಹೋಗುವುದೊಂದು, ಬರುವುದೊಂದು. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ದಪ್ಪ ಬಟ್ಟೆಯ ಮೇಲಿಂದ ಎರಡನ್ನೂ ಮುಟ್ಟಿ ನೋಡಿ. ರೇಡಿಯೇಟರ್ ಫ್ಯಾನ್ ಹತ್ತಿರ ಮಾತ್ರ ಕೈ ಬೇಡ, ಎಂಜಿನ್ ಆಫ್ ಆದ ಮೇಲೂ ಕೆಲವು ಕಾರುಗಳಲ್ಲಿ ಅದು ತಟ್ಟನೆ ತಿರುಗತೊಡಗುತ್ತದೆ.

ಎರಡು ಪೈಪೂ ಬಿಸಿಯಿದ್ದರೆ ಕಾವು ಕಾರಿನೊಳಗೆ ಬಂದು ತಲುಪಿದೆ, ಗಾಳಿ ಅದನ್ನು ಮುಟ್ಟುತ್ತಿಲ್ಲ. ಅಂದರೆ ಆ ಪ್ಲಾಸ್ಟಿಕ್ ಬಾಗಿಲಿನ ತೊಂದರೆ. ಗುಂಡಿಯ ಹಿಂದಿನ ಕೇಬಲ್ ಜಾರಿರಬಹುದು, ಆಟೊಮ್ಯಾಟಿಕ್ ಏಸಿ ಇರುವ ಕಾರಾದರೆ ಬಾಗಿಲು ತಿರುಗಿಸುವ ಪುಟ್ಟ ಮೋಟಾರಿನ ಹಲ್ಲು ಮುರಿದಿರಬಹುದು. ಡ್ಯಾಶ್‌ಬೋರ್ಡ್ ಒಳಗಿಂದ ಟಕಟಕ ಸದ್ದು ಬರುತ್ತಿದ್ದರೆ ಇದೇ ಎಂದು ಬಹುಮಟ್ಟಿಗೆ ಹೇಳಬಹುದು. ಒಂದು ಪೈಪು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಹೀಟರ್ ಕೋರ್ ಕಟ್ಟಿಕೊಂಡಿದೆ ಅಥವಾ ದಾರಿಯ ವಾಲ್ವ್ ಮುಚ್ಚಿದೆ. ಎರಡೂ ತಣ್ಣಗಿದ್ದರೆ ಕೂಲಂಟ್ ಅಲ್ಲಿಗೆ ಬರುತ್ತಲೇ ಇಲ್ಲ. ಇನ್ನು, ಒಂದೇ ಪೈಪು ಎಂಜಿನ್‌ನಿಂದ ಹೊರಟು ಮತ್ತೆ ಎಂಜಿನ್‌ಗೇ ತಿರುಗಿರುವುದು ಕಂಡರೆ ಆಶ್ಚರ್ಯಪಡಬೇಡಿ. ಹೀಟರ್ ಕೋರ್ ಸೋರಿದಾಗ ಹೊಸದು ಹಾಕಲು ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಆ ಖರ್ಚು ತಪ್ಪಿಸಲು ಎರಡೂ ಪೈಪನ್ನು ಹೊರಗೇ ಜೋಡಿಸಿಬಿಡುವುದು ನಮ್ಮ ಕಡೆ ಚಾಲ್ತಿಯಲ್ಲಿದೆ. ಹಳೆಯ ಕಾರು ಕೊಂಡವರಿಗೆ ಇದು ಮೊದಲ ಚಳಿಗಾಲದಲ್ಲಿ ಗೊತ್ತಾಗುತ್ತದೆ.

ಗಾಡಿ ಓಡುವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗೆ ಎಂಬ ದೂರನ್ನೂ ಕೇಳಿರುತ್ತೀರಿ. ಕೂಲಂಟ್ ಕಡಿಮೆಯಾಗಿ ಪೈಪಿನಲ್ಲಿ ಗಾಳಿ ಸೇರಿಕೊಂಡಾಗ, ಅಥವಾ ವಾಟರ್ ಪಂಪ್ ಸೋತಾಗ ಹೀಗಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಪಂಪ್ ಜೋರಾಗಿ ತಿರುಗಿ ಹೇಗೋ ತಳ್ಳುತ್ತದೆ, ಬಿಟ್ಟಾಗ ತಳ್ಳಲಾಗುವುದಿಲ್ಲ. ಕೂಲಂಟ್ ಹೊಸದಾಗಿ ತುಂಬಿದ ಮೇಲೆ ಈ ಲಕ್ಷಣ ಕಂಡರೆ ಒಳಗಿನ ಗಾಳಿಯನ್ನು ಸರಿಯಾಗಿ ಹೊರಗೆ ತೆಗೆದಿಲ್ಲ ಎಂದರ್ಥ, ವಾಪಸು ಹೋಗಿ ಕೇಳಿ.

ಮುಳ್ಳು ಮೇಲೆ, ಗಾಳಿ ತಣ್ಣಗೆ: ಗಾಡಿ ನಿಲ್ಲಿಸಿ

ಈಗ ಆ ಮೂರನೆಯ ಫಾರ್ವರ್ಡ್‌ಗೆ ಬರೋಣ. ಘಾಟಿ ಏರುವಾಗ ಮುಳ್ಳು ಕೆಂಪು ಗೆರೆಯ ಕಡೆ ಹೊರಟಿತು ಎಂದುಕೊಳ್ಳಿ. ಏಸಿ ಆಫ್ ಮಾಡಿ ಹೀಟರನ್ನು ಪೂರ್ತಿ ಬಿಸಿಗೆ, ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿದರೆ ಹೀಟರ್ ಕೋರ್ ಎರಡನೆಯ ರೇಡಿಯೇಟರ್‌ನಂತೆ ಕೆಲಸ ಮಾಡಿ ಎಂಜಿನ್‌ನ ಸ್ವಲ್ಪ ಕಾವನ್ನು ಎಳೆದುಕೊಳ್ಳುತ್ತದೆ. ಕಿಟಕಿ ತೆರೆದು, ಬೆವರು ಒರೆಸಿಕೊಂಡು, ಸುರಕ್ಷಿತ ಜಾಗ ಸಿಗುವವರೆಗೆ ಒಂದೆರಡು ನಿಮಿಷ ಸಾಗಬಹುದು. ಅಷ್ಟರ ಮಟ್ಟಿಗೆ ಅದು ನಿಜ.

ಆದರೆ ಮುಳ್ಳು ಮೇಲಿದ್ದೂ ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ? ಆ ಫಾರ್ವರ್ಡ್ ಹೇಳದ ಮಾತು ಇದು. ಎಂಜಿನ್ ಕುದಿಯುತ್ತಿದೆ, ಕಾವನ್ನು ಹೊತ್ತು ತರಬೇಕಾದ ಕೂಲಂಟ್ ಮಾತ್ರ ಇಲ್ಲ. ಸೋರಿ ಹೋಗಿದೆ ಅಥವಾ ಪಂಪ್ ನಿಂತಿದೆ. ಆಗ ಇನ್ನೊಂದು ಕಿಲೋಮೀಟರ್ ಎಂದುಕೊಳ್ಳಬೇಡಿ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕೂಲಂಟ್ ಇಲ್ಲದೆ ಓಡಿದ ಎಂಜಿನ್‌ನ ಹೆಡ್ ಗ್ಯಾಸ್ಕೆಟ್ ಹೋಗಲು, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಲು ಹೆಚ್ಚು ಹೊತ್ತು ಬೇಡ.

ಇನ್ನೂ ಒಂದು ಮೋಸವಿದೆ. ಉಷ್ಣತೆ ಅಳೆಯುವ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿರಬೇಕು. ಕೂಲಂಟ್ ತೀರ ಇಳಿದು ಸೆನ್ಸರ್ ಬರಿ ಗಾಳಿಯಲ್ಲಿ ನಿಂತರೆ ಮುಳ್ಳು ಸುಳ್ಳು ಹೇಳಬಹುದು. ಅನೇಕ ಕಾರುಗಳಲ್ಲಿ ಹೀಟರ್ ಕೋರ್ ಎತ್ತರದಲ್ಲಿರುವುದರಿಂದ ಕೂಲಂಟ್ ಇಳಿದಾಗ ಮೊದಲು ಬರಿದಾಗುವುದು ಅದೇ. ಮುಳ್ಳು ಸುಮ್ಮನಿರುವಾಗಲೇ ಹೀಟರ್ ಸತ್ಯ ಹೇಳಿರುತ್ತದೆ.

ನಿಲ್ಲಿಸಿದ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗಿನ ಕೂಲಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಇರುವುದು ಒತ್ತಡದಲ್ಲಿರುವುದರಿಂದ. ಪ್ರೆಶರ್ ಇಳಿಯುವ ಮೊದಲೇ ಕುಕ್ಕರ್ ಮುಚ್ಚಳ ತೆಗೆದಂತೆ, ತಿರುಗಿಸಿದ ಕ್ಷಣವೇ ಅದೆಲ್ಲ ಕುದಿದು ಮುಖಕ್ಕೆ, ಕೈಗೆ ಹಾರುತ್ತದೆ. ಕನಿಷ್ಠ ಅರ್ಧ ಗಂಟೆಯಾದರೂ ಕಾಯಿರಿ, ಪೈಪು ಮುಟ್ಟುವಷ್ಟು ತಣ್ಣಗಾಗಲಿ.

ಅರಿಶಿನ, ಬೋರ್‌ವೆಲ್ ನೀರು ಮತ್ತು ಲಡಾಖ್

ಹೀಟರ್ ಕೋರ್ ಕಟ್ಟಿಕೊಳ್ಳುತ್ತದೆ ಎಂದೆವಲ್ಲ, ಕಟ್ಟುವುದು ಏನು? ಹೆಚ್ಚಾಗಿ ನಾವೇ ಹಾಕಿದ್ದು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕಿ ಎಂಬ ಲಾರಿ ಚಾಲಕರ ಉಪಾಯ ವಾಟ್ಸ್‌ಆ್ಯಪ್‌ಗಿಂತ ಹಳೆಯದು. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುತ್ತದೆ ನಿಜ, ಕಾಡಿನ ನಡುವೆ ಸಿಕ್ಕಿಬಿದ್ದಾಗ ಅದು ಪ್ರಯೋಜನಕ್ಕೂ ಬಂದೀತು. ಆದರೆ ಅರಿಶಿನಕ್ಕೆ ಯಾವುದು ತೂತು, ಯಾವುದು ಹೀಟರ್ ಕೋರ್‌ನ ಸಣ್ಣ ಕೊಳವೆ ಎಂದು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ದ್ರವಗಳಿಗೂ ಇದೇ ಮಾತು ಸಲ್ಲುತ್ತದೆ.

ಇನ್ನೊಂದು ಶತ್ರು ಬೋರ್‌ವೆಲ್ ನೀರು. ಗಡಸು ನೀರು ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ಎಂಜಿನ್ ಒಳಗೂ ಕಟ್ಟುತ್ತದೆ, ಜೊತೆಗೆ ತುಕ್ಕು. ಕೂಲಂಟ್ ಅಂದರೆ ಬರಿ ಬಣ್ಣದ ನೀರಲ್ಲ. ಅದರಲ್ಲಿ ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳಿವೆ. ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಬೆರೆತರೆ ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ, ಸೊನ್ನೆಗಿಂತ 35 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಹಸಿರು, ಕೆಂಪು, ನೀಲಿ ಎನ್ನುವುದು ಕಂಪನಿ ಹಾಕಿದ ಬಣ್ಣವಷ್ಟೇ, ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಕಾರಿನ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ. ಇದು ಸಿಹಿಯಾದ ವಿಷ, ನಾಯಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಲಡಾಖ್, ಸ್ಪಿತಿಗೆ ಹೋಗುವವರು ಈಗ ಹೆಚ್ಚಾಗಿದ್ದಾರೆ. ಇಲ್ಲಿ ಬರಿ ನೀರು ಹಾಕಿ ವರ್ಷಗಟ್ಟಲೆ ಓಡಿಸಿದ ಕಾರು ಅಲ್ಲಿ ಒಂದು ರಾತ್ರಿ ಹೊರಗೆ ನಿಂತರೆ ನೀರು ಮಂಜುಗಡ್ಡೆಯಾಗುತ್ತದೆ. ಆಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ರೇಡಿಯೇಟರ್ ಸೀಳಬಹುದು, ಎಂಜಿನ್ ಬ್ಲಾಕ್ ಕೂಡ ಬಿರುಕು ಬಿಡಬಹುದು. ಹೊರಡುವ ಮೊದಲು ಟೈರ್ ನೋಡಿಸುವಂತೆ ಕೂಲಂಟನ್ನೂ ನೋಡಿಸಿ.

ಅಲ್ಲಿ ಇನ್ನೊಂದು ಅಪಾಯವೂ ಇದೆ. ಚಳಿಯೆಂದು ಕಿಟಕಿ ಮುಚ್ಚಿ, ಎಂಜಿನ್ ಆನ್ ಇಟ್ಟು, ಹೀಟರ್ ಹಾಕಿ ಕಾರಿನಲ್ಲೇ ಮಲಗುವುದು. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಿಮ ಸೈಲೆನ್ಸರ್ ಬಾಯಿ ಮುಚ್ಚಿದ್ದರೆ, ಪೈಪ್ ಎಲ್ಲಾದರೂ ಸೋರುತ್ತಿದ್ದರೆ, ಗ್ಯಾರೇಜಿನ ಬಾಗಿಲು ಹಾಕಿದ್ದರೆ ನಿದ್ದೆಯಲ್ಲೇ ಜೀವ ಹೋಗುತ್ತದೆ. ತಪ್ಪು ಹೀಟರ್‌ನದ್ದಲ್ಲ, ಓಡುತ್ತಿರುವ ಎಂಜಿನ್‌ನದ್ದು. ಏಸಿ ಹಾಕಿ ಮಲಗಿದರೂ ಅಪಾಯ ಅಷ್ಟೇ. ಕಂಬಳಿ ಒಯ್ಯಿರಿ.

ಗಾಜಿನ ಮಂಜು ಬಿಡಿಸಲು ಹೀಟರ್ ಮತ್ತು ಏಸಿ ಎರಡನ್ನೂ ಒಟ್ಟಿಗೆ ಹಾಕಬೇಕು ಎಂದರೆ ಹಲವರು ನಂಬುವುದಿಲ್ಲ. ಏಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಆ ಒಣಗಾಳಿಯನ್ನು ಬಿಸಿ ಮಾಡುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಮಾತ್ರ ಆಫ್ ಇರಲಿ. ಹೀಗೆ ಮಾಡಿದರೂ ಗಾಜಿನ ಮೇಲೆ ಎಣ್ಣೆ ಜಿಡ್ಡಿನಂಥ ಮಂಜು ಕೂತರೆ, ಸಿಹಿ ವಾಸನೆ ಬಂದರೆ, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಹೀಟರ್ ಕೋರ್ ಸೋರುತ್ತಿದೆ.

ಎಲೆಕ್ಟ್ರಿಕ್ ಕಾರಿನವರಿಗೆ ಮೇಲಿನ ಹೆಚ್ಚಿನ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಎಂಜಿನ್‌ನ ಪೋಲು ಕಾವೇ ಇಲ್ಲ. ಬ್ಯಾಟರಿಯ ಕರೆಂಟಿನಿಂದಲೇ ಗಾಳಿ ಬಿಸಿ ಮಾಡಬೇಕು, ಹೀಟರ್ ಹಾಕಿದರೆ ಓಡುವ ದೂರ ನಿಜಕ್ಕೂ ಕಡಿಮೆಯಾಗುತ್ತದೆ. ಹೀಟ್ ಪಂಪ್ ಇರುವ ಮಾದರಿಗಳಲ್ಲಿ ಏಸಿ ಗ್ಯಾಸೇ ಬಿಸಿಯನ್ನೂ ತರುತ್ತದೆ. ಮೊದಲೆರಡು ಫಾರ್ವರ್ಡ್‌ಗಳು ಇಂಥ ಕಾರುಗಳ ಮಟ್ಟಿಗೆ ನಿಜವಾಗಿಬಿಡುತ್ತವೆ, ಬರೆದವರಿಗೆ ಅದು ಗೊತ್ತಿದ್ದಂತೆ ಕಾಣುವುದಿಲ್ಲ.

ಪೆಟ್ರೋಲ್, ಡೀಸೆಲ್ ಗಾಡಿಯವರು ತಿಂಗಳಿಗೊಮ್ಮೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಎರಡು ನಿಮಿಷ ಹೀಟರ್ ಹಾಕಿ ನೋಡಿ. ಬೇಸಿಗೆಯಲ್ಲೂ ಹಾಕಿ. ಹಳೆಯ ಕಾರು ಕೊಳ್ಳಲು ಹೋದಾಗಲಂತೂ ಮರೆಯಬೇಡಿ. ಮೇ ತಿಂಗಳ ಬಳ್ಳಾರಿಯಲ್ಲಿ ನೀವು ಹೀಟರ್ ತಿರುಗಿಸಿದರೆ ಮಾರುವವರು ನಕ್ಕಾರು. ಬಿಸಿಗಾಳಿ ಬಾರದಿದ್ದರೆ, ಬಾನೆಟ್ ಎತ್ತಿ ಆ ಎರಡು ಪೈಪುಗಳನ್ನು ತೋರಿಸಲು ಅವರನ್ನೇ ಕೇಳಿ.